ಐದು ಘಡಿ, ಪೋರ್ಟ್ಸ್‌ಮತ್ ೧೯೮೨

ಶನಿವಾರ ರಾತ್ರಿ ಎರಡು ತಾಸಿನ ಮಟ್ಟಿಗೆ ಬಂದಿದ್ದ.
ಅಡಗಿ ಮನಿ ಟೇಬಲ್ಲಿಗೆ ಕಂಬಳಿ ಹಾಸಿ
ಅವನ ಪ್ಯಾಂಟಿಗೆ ನಾನಽ ಇಸ್ತ್ರಿ ಹೊಡದೆ.
ನೌಕಾಪಡೆಯ ರೀತಿ ಅದು: ಅಡ್ಡ ಘಡಿ ಬೀಳಬೇಕು,
ಎತ್ತರದವರಿಗೆ ಏಳು, ಗಿಡ್ಡರಿಗೆ ಐದು.
ಏಳು ಸಮುದ್ರದ ಲೆಕ್ಕ ಅಂತ.
ನಮ್ಮ ಎಬಿನೇಜರ ಅವರಪ್ಪನಂಗ ಗಿಡ್ಡ,
ಐದಽ ಸಾಕಾತು.
ಉಳದ ಎರಡು ಸಮುದ್ರ ಎಲ್ಲಿಡಲೋ ಅಂದೆ, ನಕ್ಕೋತ.
ಅಂವ ನಗಲಿಲ್ಲ.
ಅರ್ಧ ತತ್ತಿ ತಾಟಿನ್ಯಾಗ ಆರಿ ಕುಂತಿತ್ತು.

ಯುದ್ಧ ಎಲ್ಲೈತಿ ಅಂತ ಅಟ್ಲಾಸು ತಗದು ನೋಡಿದೆವು.
ನಾನು ಮದಲು ಮ್ಯಾಲೆ ಹುಡುಕಿದೆ, ಸ್ಕಾಟ್ಲೆಂಡಿನ ಬಾಜೂಕ.
ಅವರಪ್ಪ ಬಟ್ಟು ಕೆಳಗ ಜಾರಿಸಿಗೋತ ಹ್ವಾದರು,
ಹಾಳಿ ಮುಗಿಯೂತನಕ.

ರವಿವಾರ ಸಂಜಿಕೆ ಬಂದರದಿಂದ ಫೋನು.
ಅವನಿಗೆ ಕನ್ನಡ ಅಂದ್ರ ಉಣ್ಣು, ಮಲಕೋ, ಸಾಕು, ಬ್ಯಾಡ.
ನನ್ನ ಸಂತೋಷಕ್ಕಂತ ಅಂದಿರಬೇಕು:
‘ಅವ್ವಾ, ಹೋಗತೀನಿ.’
ಹಂಗ ಅನಬಾರದೋ, ಬರತೀನಿ ಅನ್ನು,
ಅನ್ನೂದ್ರಾಗ ಅವನ ಚಿಲ್ಲರ ಮುಗದು
ಫೋನು ಪೀಂ ಪೀಂ ಅಂತು.

ಬೆಟಗೇರಿ ಮಿಶನ್ ದವಾಖಾನಿಯೊಳಗ
ನರ್ಸಿನ ಪಾಠ ಕಲಿಯೂವಾಗ ಪಾದ್ರಿ ಹೇಳತಿದ್ದರು,
ಶಕುನ ನಂಬಬ್ಯಾಡ್ರಿ ತಂಗೇರಾ.
ನಂಬೂದಿಲ್ಲ.
ಇದು ಶಕುನ ಅಲ್ಲರಿ, ವ್ಯಾಕರಣ.

ಸೋಮವಾರ ರಾತ್ರಿ ಪಾಳಿ ಮುಗಿಸಿ, ಕೋಟಿನೊಳಗ ನರ್ಸಿನ ಅಂಗಿ ಹಂಗಽ ಇಟಗೊಂಡು
ಹಳೇ ಊರಿನ ಗುಂಡ ಬುರುಜಿನ ಮ್ಯಾಲ ಹೋಗಿ ನಿಂತೆ.
ಯಾರೋ ಕಾಗದದ ಬಾವುಟ ಕೊಟ್ಟರು.
ಬಾಜೂಕ ಮೊರೀನ್, ಆಕಿ ಮಗ ತೋಪಿನ ಕಡೆ.
‘ನಿನ್ನಾಂವ?’
ಅಡಗಿ ಮಾಡತಾನ, ಅಂದೆ.
‘ಪುಣ್ಯವಂತಿ’ ಅಂದ್ಲು, ನನ್ನ ಕೈ ಹಿಸಕಿ,
ಖರೇನಽ ಹೊಟ್ಟಿಕಿಚ್ಚಿಲೆ.
ನೀರಿಗೇನು ಗೊತ್ತಾಗತೈತಿ ಮೊರೀನ್,
ಯಾರ ಕೈಯಾಗ ಸೌಟು, ಯಾರ ಕೈಯಾಗ ತೋಪು?
ಇದನ್ನ ಇಂಗ್ಲಿಷಿನ್ಯಾಗ ಅನ್ನಾಕ ಬಾಯಿ ಬರಲಿಲ್ಲ.

ಹಡಗ ಬಂತು. ಓಣಿಯೊಳಗ ಆನಿ ಬಂದಂಗ,
ಮನಿಗೋಳು ಸಣ್ಣವಾದವು.
ಅಂಚಿಗುಂಟ ಹುಡುಗೂರು ನಿಂತಿದ್ದರು,
ಎಲ್ಲಾರೂ ಒಂದಽ ಅಳತಿ, ಒಂದಽ ಟೊಪ್ಪಿಗಿ,
ಸ್ಲೇಟಿನ ಮ್ಯಾಲ ಬಳಪ ಎಳದಂಗ.
ಅಷ್ಟು ದೂರದಿಂದ
ಐದು ಗೆರಿ ಎಣಸಾಕ ಹೋದೆ ನಾನು.
ಅಡಗಿಯವರು ಕೆಳಗಽ ಇದ್ದರೋ ಏನೋ.
ಆ ಹೊತ್ತಿಗೆ ಉಳ್ಳಾಗಡ್ಡಿ ಹೆಚ್ಚತಿದ್ದನೋ ಏನೋ,
ಅಳು ಬಂದರ ಅದಕ್ಕೊಂದು ನೆವ.

ಸಣ್ಣಾಕಿದ್ದಾಗ ಆಯಿ ಕತಿ ಹೇಳತಿದ್ಲು,
ಏಳು ಸಮುದ್ರದಾಚೆ ಗಿಣಿ,
ಗಿಣಿಯೊಳಗ ರಾಕ್ಷಸನ ಜೀವ.
ಗಿಣಿ ಕೊಂದರ ಇಲ್ಲಿ ರಾಕ್ಷಸ ಬೀಳತಾನ ಅಂದ್ರ
ಚಪ್ಪಾಳಿ ತಟ್ಟಿ ನಗತಿದ್ದೆವು.
ಪಾಪ, ಅದು.
ದಿನಾ ಮುಂಜಾನೆದ್ದು ಸಮುದ್ರದ ಕಡೆ ಮಾರಿ ಮಾಡಿ ಕುಂದರತಿತ್ತೇನೋ.

ಅವರಪ್ಪ ರಜಾ ಕೇಳಲಿಲ್ಲ.
ಮುಂಜಾನೆಲ್ಲಾ ಬಸ್ಸು ಹೊಡದರು,
ಬಂದರಕ್ಕ ಬಾವುಟ ಹಿಡದ ತಾಯಂದಿರನ್ನ ತುಂಬಿಸಿಗೊಂಡು,
ಬಂದರದಿಂದ ಬಾವುಟ ಮಡಿಚಿದ ತಾಯಂದಿರನ್ನ ತುಂಬಿಸಿಗೊಂಡು.
ಕಡೀ ಸುತ್ತಿನ್ಯಾಗ ನಾನೂ ಹತ್ತಿದೆ.
ತಿಕೀಟಿನ ರೊಕ್ಕ ಕೊಟ್ಟೆ. ಇಸಗೊಂಡರು.
ನನ್ನ ಮಾರಿ ನೋಡಲಿಲ್ಲ, ಕನ್ನಡಿಯೊಳಗ ನೋಡಿದರು.

ಇಪ್ಪತ್ತು ವರ್ಷದಿಂದ ಡ್ಯೂಟಿಗೆ ಹೋಗೂವಾಗ
ಅವರು ಏನೂ ಅನ್ನಾವರಲ್ಲ.
ಮಂಗಳವಾರ ಬಾಗಲಾ ತಗದು
‘ಬರತೀನಿ’ ಅಂದರು.
ಬಗ್ಗಿ ಬೂಟಿನ ದಾರ ಕಟಗೊಂಡು, ಎದ್ದು,
ಇನ್ನೊಮ್ಮೆ ಅಂದರು.